ಮೂಕಿ ಚಿತ್ರದ ಇಬ್ಬರು ನಟಿಯರು ಮತ್ತು ನಮ್ಮ ಮಗ್ಗದ ಮನೆಗಳು



ಕಳೆದ ತಿಂಗಳ ಕೂಟದಲ್ಲಿ ಹಳೆಯ ಕನ್ನಡ ಸಿನಿಮಾಗಳ ಮಾತು ಬಂತು. 'ಮೃಚ್ಛಕಟಿಕ' ಎಂಬ ಮೂಕಿ ಚಿತ್ರವನ್ನು ಕನ್ನಡದ ಮೊದಲ ಚಿತ್ರವೆಂದು ಕೆಲವರು ಬರೆದಿದ್ದಾರೆ ಎಂದು ನಾವು ತಿಳಿಸಿದಾಗ, ಚಿನ್ನಾಳಪಟ್ಟಿಯಿಂದ ಬಂದಿದ್ದ ಹಿರಿಯರೊಬ್ಬರು ಕೂತಲ್ಲಿಂದಲೇ ಕೇಳಿದರು: "ಮಾತೇ ಇಲ್ಲದ ಸಿನಿಮಾ ಕನ್ನಡದ್ದು ಹೇಗಾಗುತ್ತೆ ಸ್ವಾಮಿ? ತಮಿಳಿನದು ಅಂತಾನೂ ಹೇಳಬಹುದಲ್ಲ?" ಎಲ್ಲರೂ ನಕ್ಕರು. ಆದರೆ ಪ್ರಶ್ನೆ ಗಟ್ಟಿಯಾದದ್ದು. ಅವತ್ತು ಊಟದ ಹೊತ್ತಾಗಿತ್ತು, ಉತ್ತರವನ್ನು ಇಲ್ಲಿ ಬರೆಯುತ್ತೇವೆಂದು ಹೇಳಿ ಬಿಟ್ಟಿದ್ದೆವು. ಆ ಚಿತ್ರದಲ್ಲಿ ನಟಿಸಿದ ಇಬ್ಬರು ಹೆಂಗಸರ ಬಗ್ಗೆ ಹೇಳದೆ ಆ ಪ್ರಶ್ನೆಗೆ ಉತ್ತರ ಪೂರ್ತಿಯಾಗುವುದಿಲ್ಲ. ಒಬ್ಬರು ಏಣಾಕ್ಷಿ ರಾಮರಾವ್. ಇನ್ನೊಬ್ಬರು ನಮ್ಮ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ.

ಮೊದಲು ಮೂಕಿ ಚಿತ್ರ ಎಂದರೆ ಏನಿತ್ತು ಎಂಬುದು ನಮ್ಮ ಮಕ್ಕಳಿಗೆ ಗೊತ್ತಾಗಬೇಕು. ಚಿತ್ರಕ್ಕೆ ಧ್ವನಿ ಇರಲಿಲ್ಲ, ಆದರೆ ಚಿತ್ರ ನಡೆಯುವ ಜಾಗ ಗಲಾಟೆಯದೇ. ಪರದೆಯ ಪಕ್ಕದಲ್ಲಿ ಹಾರ್ಮೋನಿಯಂ, ತಬಲಾ. ನಾಲ್ಕಾರು ದೃಶ್ಯಕ್ಕೊಮ್ಮೆ ಕಥೆಯನ್ನೋ ಮಾತನ್ನೋ ಬರೆದ ಅಕ್ಷರದ ಹಲಗೆ ಪರದೆಯ ಮೇಲೆ ಬರುತ್ತಿತ್ತು. ಜನರಲ್ಲಿ ಓದು ಬಂದವರು ಕಡಿಮೆ, ಹಾಗಾಗಿ ಒಬ್ಬರು ನಿಂತು ಅದನ್ನು ಗಟ್ಟಿಯಾಗಿ ಓದಿ, ತಮ್ಮದೂ ನಾಲ್ಕು ಮಾತು ಸೇರಿಸಿ ಕಥೆ ಹೇಳುತ್ತಿದ್ದರು. ಚಿತ್ರವೇನೋ ಒಂದೇ, ಅದರ ಭಾಷೆ ಮಾತ್ರ ಊರಿಂದೂರಿಗೆ ಬದಲಾಗುತ್ತಿತ್ತು. ಮದರಾಸಿನಲ್ಲಿ ಆರ್. ನಟರಾಜ ಮುದಲಿಯಾರರು ತೆಗೆದ 'ಕೀಚಕ ವಧಂ' ದಕ್ಷಿಣ ಭಾರತದ ಮೊದಲ ಮೂಕಿ ಚಿತ್ರ ಎನ್ನುತ್ತಾರೆ. ಅದರ ಹಲಗೆಗಳು ತಮಿಳು, ಹಿಂದಿ, ಇಂಗ್ಲಿಷ್ ಮೂರರಲ್ಲೂ ಇದ್ದವು.

ಟೂರಿಂಗ್ ಟಾಕೀಸಿನ ಗುಡಾರ ನಮ್ಮ ಕಾಲದ ಎಲ್ಲರಿಗೂ ನೆನಪಿರುತ್ತದೆ. ಆ ಗುಡಾರಗಳಿಗೆ ಹಿಂದಿನ ತಲೆಮಾರೂ ಒಂದಿತ್ತು. ತಿರುಚ್ಚಿಯಲ್ಲಿ ರೈಲ್ವೆ ಕಚೇರಿಯ ಕೆಲಸದಲ್ಲಿದ್ದ ಸಾಮಿಕಣ್ಣು ವಿನ್ಸೆಂಟ್ ಅವರು 1905ರಲ್ಲಿ ಫ್ರೆಂಚ್ ಪ್ರಜೆಯೊಬ್ಬನಿಂದ ಯಂತ್ರವನ್ನೂ ಫಿಲ್ಮುಗಳನ್ನೂ ಕೊಂಡು, ಕೆಲಸ ಬಿಟ್ಟು, ಗುಡಾರ ಕಟ್ಟಿಕೊಂಡು ಊರೂರು ತಿರುಗಿದರು. ಆಮೇಲೆ ಕೊಯಮತ್ತೂರಿನಲ್ಲಿ ವೆರೈಟಿ ಹಾಲ್ ಎಂಬ ಚಿತ್ರಮಂದಿರವನ್ನೇ ಕಟ್ಟಿದರು. (ಕಚೇರಿ ಕೆಲಸ ಬಿಟ್ಟು ಹೋಗುವ ಧೈರ್ಯ ನಮ್ಮಂಥ ಗುಮಾಸ್ತರಿಗೆ ಬರಲಿಲ್ಲ, ಪಿಂಚಣಿ ಬಂತು.)

ಇನ್ನು ನಟಿಯರ ವಿಷಯ. 1913ರಲ್ಲಿ ಫಾಲ್ಕೆಯವರು 'ರಾಜಾ ಹರಿಶ್ಚಂದ್ರ' ತೆಗೆದಾಗ ತಾರಾಮತಿ ಪಾತ್ರಕ್ಕೆ ಒಬ್ಬ ಹೆಂಗಸೂ ಒಪ್ಪಲಿಲ್ಲ. ಹೋಟೆಲಿನಲ್ಲಿ ಅಡುಗೆ ಕೆಲಸದಲ್ಲಿದ್ದ ಅಣ್ಣಾ ಸಾಳುಂಕೆ ಎಂಬ ಹುಡುಗನಿಗೆ ಸೀರೆ ಉಡಿಸಿದರು. ಅದೇ ಸಾಳುಂಕೆ 1917ರ 'ಲಂಕಾ ದಹನ'ದಲ್ಲಿ ರಾಮನೂ ಆದ, ಸೀತೆಯೂ ಆದ. ನಡುವೆ ದುರ್ಗಾಬಾಯಿ ಕಾಮತ್ ಮತ್ತು ಅವರ ಮಗಳು ಕಮಲಾಬಾಯಿ 'ಮೋಹಿನಿ ಭಸ್ಮಾಸುರ'ದಲ್ಲಿ ನಟಿಸಿ ಬಾಗಿಲು ತೆರೆದರೂ, ಮರ್ಯಾದಸ್ಥ ಮನೆಯವರು ಎಂದು ತಮ್ಮನ್ನು ಕರೆದುಕೊಳ್ಳುವವರು ಆ ಬಾಗಿಲಿನ ಕಡೆ ಬರಲಿಲ್ಲ. ಇಪ್ಪತ್ತರ ದಶಕದ ದೊಡ್ಡ ನಟಿಯರಲ್ಲಿ ಹೆಚ್ಚಿನವರು ಆಂಗ್ಲೋ ಇಂಡಿಯನ್ ಅಥವಾ ಯಹೂದಿ ಮನೆಗಳವರು, ಹೆಸರು ಬದಲಿಸಿಕೊಂಡು ಬಂದವರು. ರೂಬಿ ಮೈಯರ್ಸ್ ಸುಲೋಚನಾ ಆದರು, ರೆನೀ ಸ್ಮಿತ್ ಸೀತಾದೇವಿ ಆದರು.

ಹೆಸರು ಬದಲಿಸಿಕೊಳ್ಳಬೇಕಾಗಿ ಬಂದವರು ಇನ್ನೊಬ್ಬರಿದ್ದಾರೆ. ಅವರ ಕಥೆ ನಮ್ಮ ಕಂಬಂ ಕಣಿವೆಗೆ ಹತ್ತಿರದ್ದು, ಕುಮುಳಿ ಘಟ್ಟದ ಆಚೆಯ ಸೀಮೆಯದು. ಜೆ.ಸಿ. ಡೇನಿಯಲ್ ಅವರು ತೆಗೆದ ಮಲಯಾಳದ ಮೊದಲ ಚಿತ್ರ 'ವಿಗತಕುಮಾರನ್'ನಲ್ಲಿ ಪಿ.ಕೆ. ರೋಸಿ ಎಂಬ ದಲಿತ ಹೆಣ್ಣುಮಗಳು ನಾಯರ್ ಮನೆತನದ ಹೆಣ್ಣಾಗಿ ನಟಿಸಿದರು. ತಿರುವನಂತಪುರದಲ್ಲಿ ಚಿತ್ರ ತೋರಿಸಿದ ದಿನವೇ ಜನ ರೇಗಿ ಪರದೆಗೆ ಕಲ್ಲು ಹೊಡೆದರು. ರೋಸಿಯವರ ಗುಡಿಸಲಿಗೆ ಬೆಂಕಿ ಬಿತ್ತು. ಅವರು ತಮಿಳುನಾಡಿನ ಕಡೆಗೆ ಬಂದು, ಬೇರೆ ಹೆಸರಿಟ್ಟುಕೊಂಡು, ಸಂಸಾರ ಹೂಡಿ, ಸಿನಿಮಾದ ಮಾತೇ ಎತ್ತದೆ ಬದುಕು ಮುಗಿಸಿದರು. ಕೆಳಗೆ ನಾವು ಹೊಗಳಲಿರುವ ಇಬ್ಬರಿಗೆ ಧೈರ್ಯವಿತ್ತು, ನಿಜ. ಬೆನ್ನಿಗೆ ಜಾತಿ, ಓದು, ಮನೆತನ ಇದ್ದವೆಂಬುದೂ ಅಷ್ಟೇ ನಿಜ. ಅವರ ಮನೆಗೆ ಯಾರೂ ಬೆಂಕಿ ಇಡಲಿಲ್ಲ.

ಏಣಾಕ್ಷಿ ಎಂಬ ಹೆಸರು ಚೆನ್ನಾಗಿದೆ ಅಲ್ಲವೆ? ಏಣ ಎಂದರೆ ಜಿಂಕೆ, ಜಿಂಕೆಗಣ್ಣಿನವಳು ಎಂದರ್ಥ. ಇವರು ಹೆಸರು ಬದಲಿಸಲಿಲ್ಲ, 'ರಾಮರಾವ್' ಎಂಬುದನ್ನೂ ಬಿಡಲಿಲ್ಲ. ಇವರ ಮೊದಲ ದೊಡ್ಡ ಪಾತ್ರ 1928ರ 'ಶಿರಾಜ್' ಚಿತ್ರದ್ದು. ಹಿಮಾಂಶು ರಾಯ್ ಅವರು ಜರ್ಮನಿ ಮತ್ತು ಇಂಗ್ಲೆಂಡಿನ ಕಂಪನಿಗಳನ್ನು ಜೊತೆ ಮಾಡಿಕೊಂಡು ತೆಗೆದ ಚಿತ್ರ ಅದು. ನಿರ್ದೇಶಕರು ಜರ್ಮನಿಯ ಫ್ರಾಂಜ್ ಆಸ್ಟೆನ್. ಕಥೆ ನಿರಂಜನ ಪಾಲ್ ಅವರ ನಾಟಕದ್ದು. ನಟರೆಲ್ಲ ಭಾರತೀಯರೇ, ಚಿತ್ರೀಕರಣವೂ ಇಲ್ಲಿನ ನಿಜವಾದ ಕೋಟೆ, ಅರಮನೆ, ಮರಳುಗಾಡಿನಲ್ಲೇ.

ಕಥೆ ಹೀಗಿದೆ. ದರೋಡೆಗೆ ಸಿಕ್ಕ ಒಂಟೆಸಾಲಿನಿಂದ ಉಳಿದ ಒಂದು ಹೆಣ್ಣು ಕೂಸು ಕುಂಬಾರನೊಬ್ಬನ ಕೈಗೆ ಸಿಗುತ್ತದೆ. ಅವನು ಅದಕ್ಕೆ ಸೆಲಿಮಾ ಎಂದು ಹೆಸರಿಟ್ಟು, ತನ್ನ ಮಗ ಶಿರಾಜನ ಜೊತೆ ಸಾಕುತ್ತಾನೆ. ಅವಳು ರಾಜಮನೆತನದವಳೆಂದು ಅವರಿಗೆ ಗೊತ್ತಿಲ್ಲ. ದೊಡ್ಡವಳಾದ ಮೇಲೆ ಗುಲಾಮರ ವ್ಯಾಪಾರಿಗಳು ಅವಳನ್ನು ಹೊತ್ತೊಯ್ದು ಮಾರುತ್ತಾರೆ, ಕೊಂಡವನು ಯುವರಾಜ ಖುರ್ರಂ. ಅವಳ ಹಿಂದೆಯೇ ಬಂದ ಶಿರಾಜ್ ಸಿಕ್ಕಿಬಿದ್ದು, ಅವನನ್ನು ಆನೆಯ ಕಾಲಿಗೆ ಹಾಕುವ ಶಿಕ್ಷೆಯಾಗುತ್ತದೆ. ಕೊನೆಗೆ ಶಿರಾಜ್ ಉಳಿಯುತ್ತಾನೆ, ಸೆಲಿಮಾ ಮುಮ್ತಾಜ್ ಮಹಲ್ ಆಗುತ್ತಾಳೆ. ಅವಳು ಸತ್ತ ಮೇಲೆ ಸಮಾಧಿಗೆ ನಕ್ಷೆ ಮಾಡಿಕೊಡುವವನು ಕಣ್ಣು ಕಳೆದುಕೊಂಡ ಅದೇ ಶಿರಾಜ್. ಚರಿತ್ರೆಯಲ್ಲಿ ಹೀಗೇನೂ ಆಗಿಲ್ಲ, ಇದು ಕಟ್ಟುಕಥೆ. ಆದರೆ ತಾಜ್ ಮಹಲಿನ ಎದುರು ನಿಂತರೆ ಬಾದಶಹನ ಹೆಸರು ಹೇಳುತ್ತೇವೆ, ಕಲ್ಲು ಕೆತ್ತಿದವರ ಹೆಸರು ಹೇಳುವುದಿಲ್ಲ. ಕುಂಬಾರನ ಮಗನೇ ಅದರ ನಕ್ಷೆ ಮಾಡಿದ ಎಂದು ಕಥೆ ಕಟ್ಟಿದ್ದಾರಲ್ಲ, ಅದು ನಮಗೆ ಹಿಡಿಸಿತು.

ಆ ಕಾಲದ ಎಷ್ಟೋ ಚಿತ್ರಗಳಲ್ಲಿ ನಟಿಯರು ಎದೆ ಬಡಿದುಕೊಂಡು, ಕಣ್ಣು ತಿರುಗಿಸಿ, ಹಿಂದಿನ ಸಾಲಿನವನಿಗೂ ಕಾಣಲಿ ಎಂಬಂತೆ ನಟಿಸುತ್ತಿದ್ದರು. ನಾಟಕದ ಅಭ್ಯಾಸ ಅದು, ತಪ್ಪೆನ್ನಲಾಗದು. ಏಣಾಕ್ಷಿಯವರು ಹಾಗಲ್ಲ. ಕುಂಬಾರನ ಮನೆಯ ದೃಶ್ಯಗಳಲ್ಲಿ ಮನೆಯ ಹುಡುಗಿಯಂತೆಯೇ ಇರುತ್ತಾರೆ, ಅರಮನೆಗೆ ಬಂದ ಮೇಲೂ ತಲೆ ತಗ್ಗಿಸುವುದಿಲ್ಲ. ಸಂಚು ಹೂಡುವ ದಾಲಿಯಾ ಪಾತ್ರದಲ್ಲಿ ಸೀತಾದೇವಿಯವರ ಆರ್ಭಟ ಜೋರು, ಅದರ ಪಕ್ಕದಲ್ಲಿ ಇವರ ಶಾಂತ ಇನ್ನೂ ಎದ್ದು ಕಾಣುತ್ತದೆ. ಇಷ್ಟು ಹೇಳಲು ಸಾಧ್ಯವಾಗುವುದು ಆ ಚಿತ್ರ ಉಳಿದಿರುವುದರಿಂದ. ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟಿನವರು ಅದನ್ನು ಸರಿಪಡಿಸಿ, ಅನುಷ್ಕಾ ಶಂಕರ್ ಅವರಿಂದ ಸಂಗೀತ ಮಾಡಿಸಿ, 2017ರಲ್ಲಿ ಲಂಡನ್ ಚಿತ್ರೋತ್ಸವದಲ್ಲಿ ತೋರಿಸಿದರು. ಆಮೇಲೆ ನಮ್ಮ ದೇಶದ ದೊಡ್ಡ ನಗರಗಳಿಗೂ ಅದು ಬಂತು. ದಿಂಡುಗಲ್ಲಿಗೆ ಬರಲಿಲ್ಲ, ಬರುತ್ತದೆಂದು ನಾವು ಕಾಯಲೂ ಇಲ್ಲ.

'ಮೃಚ್ಛಕಟಿಕ'ಕ್ಕೆ ಬರೋಣ. ಇದಕ್ಕೆ 'ವಸಂತಸೇನಾ' ಎಂಬ ಹೆಸರೂ ಇದೆ. ಚಿತ್ರದ ವರ್ಷವನ್ನು ಕೆಲವರು 1929 ಎಂದೂ ಕೆಲವರು 1931 ಎಂದೂ ಬರೆಯುತ್ತಾರೆ. ನಿರ್ದೇಶಕರು ಮೋಹನ ಭವನಾನಿ. ಇವರು ಇಂಗ್ಲೆಂಡಿನಲ್ಲೂ ಜರ್ಮನಿಯಲ್ಲೂ ಕಲಿತು ಬಂದವರು, ಸ್ವಾತಂತ್ರ್ಯ ಬಂದ ಮೇಲೆ ಸರ್ಕಾರದ ಫಿಲ್ಮ್ಸ್ ಡಿವಿಜನ್ನಿನ ಮೊದಲ ಮುಖ್ಯ ನಿರ್ಮಾಪಕರಾದರು. ಶೂದ್ರಕನ ಸಂಸ್ಕೃತ ನಾಟಕವನ್ನು ಆರಿಸಿಕೊಂಡು ಮೈಸೂರು ಸೀಮೆಗೆ ಬಂದು ಚಿತ್ರ ತೆಗೆದರು. ವಸಂತಸೇನೆಯಾಗಿ ಏಣಾಕ್ಷಿಯವರೇ ನಟಿಸಿದರು, ಮುಂದೆ ಭವನಾನಿಯವರನ್ನೇ ಮದುವೆಯಾದರು.

ಆ ಚಿತ್ರದಲ್ಲಿ ಟಿ.ಪಿ. ಕೈಲಾಸಂ ಇದ್ದರು ಎಂಬುದು ನಮ್ಮ ಸದಸ್ಯರಿಗೆ ವಿಶೇಷ ಸಂತೋಷ ಕೊಡಬೇಕು. ತ್ಯಾಗರಾಜ ಪರಮಶಿವ ಕೈಲಾಸಂ ಎಂದು ಪೂರ್ತಿ ಹೆಸರು, ಮನೆಮಾತು ತಮಿಳು. ಕನ್ನಡದ ಪ್ರಹಸನ ಪಿತಾಮಹ ಎನಿಸಿಕೊಂಡವರು, 1945ರಲ್ಲಿ ಮದರಾಸಿನಲ್ಲೇ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದವರು. ಕನ್ನಡ ಮನೆಮಾತಿನ ನಾವು ತಮಿಳಿನಲ್ಲಿ ಓದಿ, ತಮಿಳಿನಲ್ಲಿ ವ್ಯವಹಾರ ಮಾಡಿ ಬದುಕಿದ ಹಾಗೆಯೇ, ತಮಿಳು ಮನೆಮಾತಿನ ಅವರು ಕನ್ನಡದಲ್ಲಿ ಬರೆದು ಬದುಕಿದರು. ಗಡಿಯ ಜನಕ್ಕೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ.

'ಮೃಚ್ಛಕಟಿಕ' ಎಂದರೆ ಮಣ್ಣಿನ ಪುಟ್ಟ ಬಂಡಿ. ಬಡವನಾದ ಚಾರುದತ್ತನ ಮಗು ನೆರೆಮನೆಯ ಹುಡುಗನ ಹತ್ತಿರ ಇರುವ ಚಿನ್ನದ ಬಂಡಿಯೇ ಬೇಕೆಂದು ಅಳುತ್ತದೆ, ಮಣ್ಣಿನ ಬಂಡಿ ಒಲ್ಲೆನೆನ್ನುತ್ತದೆ. ಗಣಿಕೆಯಾದ ವಸಂತಸೇನೆ ತನ್ನ ಮೈಮೇಲಿನ ಒಡವೆಗಳನ್ನು ಬಿಚ್ಚಿ ಆ ಮಣ್ಣಿನ ಬಂಡಿಗೆ ತುಂಬುತ್ತಾಳೆ. ಆ ಒಡವೆಗಳೇ ಮುಂದೆ ಚಾರುದತ್ತನನ್ನು ಕೊಲೆಯ ಆಪಾದನೆಗೆ ಸಿಲುಕಿಸುತ್ತವೆ. ಒಬ್ಬ ಹೆಂಗಸು ಮಾತಾಡದೆ ಒಡವೆ ಬಿಚ್ಚುವ ಈ ದೃಶ್ಯ ಮೂಕಿ ಚಿತ್ರಕ್ಕೆಂದೇ ಹೇಳಿ ಮಾಡಿಸಿದ್ದು. ಏಣಾಕ್ಷಿಯವರು ಅದನ್ನು ಹೇಗೆ ಮಾಡಿದ್ದರೋ! ನೋಡೋಣವೆಂದರೆ ಆ ಚಿತ್ರ ಇಂದು ಸಿಗುವುದಿಲ್ಲ.

ಇದೊಂದೇ ಅಲ್ಲ. ನಮ್ಮ ದೇಶದಲ್ಲಿ ತಯಾರಾದ ಮೂಕಿ ಚಿತ್ರಗಳು ಸುಮಾರು 1300. ಅದರಲ್ಲಿ ಪೂರ್ತಿ ಉಳಿದವು ಬಹಳ ಕಡಿಮೆ. ಅಂದಿನ ಫಿಲ್ಮು ನೈಟ್ರೇಟಿನದು, ಬೇಗ ಬೆಂಕಿ ಹತ್ತುತ್ತದೆ, ಬೆಂಕಿ ಹತ್ತದಿದ್ದರೂ ನಮ್ಮ ಸೆಕೆಗೆ ಅಂಟು ಬಂದು ಕೆಡುತ್ತದೆ. ಮೇಲಾಗಿ ಫಿಲ್ಮಿನಲ್ಲಿ ಬೆಳ್ಳಿ ಇರುತ್ತಿತ್ತು. ವಾಕ್ಚಿತ್ರ ಬಂದ ಮೇಲೆ ಮೂಕಿ ಚಿತ್ರ ಯಾರಿಗೂ ಬೇಡವಾಗಿ, ಸುರುಳಿಗಳನ್ನು ಬೆಳ್ಳಿಗಾಗಿ ಮಾರಿದರು. ಇದು ನಮ್ಮ ಮನೆಗಳ ಹೆಂಗಸರಿಗೆ ಬಿಡಿಸಿ ಹೇಳಬೇಕಾದದ್ದಲ್ಲ. ಹಳೇ ಜರಿ ಸೀರೆ ಕೊಳ್ಳುತ್ತೇವೆಂದು ಬೀದಿಯಲ್ಲಿ ಕೂಗಿಕೊಂಡು ಬರುವವರಿಗೆ ಅಜ್ಜಿಯ ಮದುವೆ ಸೀರೆಯನ್ನು ತೂಕಕ್ಕೆ ಹಾಕಿಲ್ಲವೆ? ಸೀರೆ ಸುಟ್ಟರೆ ಬೆಳ್ಳಿ, ಫಿಲ್ಮು ಕರಗಿಸಿದರೆ ಬೆಳ್ಳಿ. ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಆರಂಭವಾದದ್ದು 1964ರಲ್ಲಿ. ಅಷ್ಟು ಹೊತ್ತಿಗೆ ಹೋಗಬೇಕಾದ್ದು ಹೋಗಿಯಾಗಿತ್ತು.

ಕಾಲವೂ ಮೂಕಿ ಚಿತ್ರಕ್ಕೆ ಅನುಕೂಲವಾಗಿ ಇರಲಿಲ್ಲ. 1931ರ ಮಾರ್ಚಿಯಲ್ಲಿ 'ಆಲಂ ಆರಾ', ಅದೇ ಅಕ್ಟೋಬರಿನಲ್ಲಿ ತಮಿಳಿನ 'ಕಾಳಿದಾಸ್' ಬಂದವು. 'ಕಾಳಿದಾಸ್' ನಾಯಕಿ ಟಿ.ಪಿ. ರಾಜಲಕ್ಷ್ಮಿಯವರೂ ಮೂಕಿ ಚಿತ್ರದಿಂದಲೇ ಬಂದವರು, 1936ರಲ್ಲಿ 'ಮಿಸ್ ಕಮಲಾ' ಚಿತ್ರವನ್ನು ತಾವೇ ನಿರ್ದೇಶಿಸಿದರು. ಕನ್ನಡಕ್ಕೆ 'ಸತಿ ಸುಲೋಚನಾ' ಬರಲು 1934 ಆಯಿತು. ಗುಬ್ಬಿ ವೀರಣ್ಣನವರ ಮೂಕಿ ಚಿತ್ರಗಳಲ್ಲಿ ನಟಿಸಿದ ಬಿ. ಜಯಮ್ಮನವರು ವಾಕ್ಚಿತ್ರಕ್ಕೂ ದಾಟಿ ದೊಡ್ಡ ಹೆಸರು ಮಾಡಿದರು, ಅವರ ಬಗ್ಗೆ ಇನ್ನೊಮ್ಮೆ ಬರೆಯುತ್ತೇವೆ. ಏಣಾಕ್ಷಿ ಮತ್ತು ಕಮಲಾದೇವಿ ಇಬ್ಬರ ದಾರಿ ಬೇರೆ ಕಡೆ ಹೊರಳಿತು.

ಕಮಲಾದೇವಿಯವರು ಹುಟ್ಟಿದ್ದು 1903ರ ಏಪ್ರಿಲ್ 3ರಂದು, ಮಂಗಳೂರಿನಲ್ಲಿ. ಆಗ ಮಂಗಳೂರೂ ಮದರಾಸು ಪ್ರಾಂತ್ಯ, ನಮ್ಮ ದಿಂಡುಗಲ್, ಪೆರಿಯಕುಳಂ, ಕಂಬಂ ಎಲ್ಲವೂ ಅದೇ ಪ್ರಾಂತ್ಯದ ಮಧುರೆ ಜಿಲ್ಲೆ. ಹಾಗಾಗಿ ಅವರನ್ನು 'ನಮ್ಮ ಪ್ರಾಂತ್ಯದವರು' ಎಂದರೆ ತಕರಾರು ಬರಲಾರದು. ಏಳು ವರ್ಷಕ್ಕೆ ತಂದೆ ತೀರಿಕೊಂಡರು. ಉಯಿಲು ಇರಲಿಲ್ಲ, ಆಸ್ತಿಯೆಲ್ಲ ಮೊದಲ ಹೆಂಡತಿಯ ಮಗನಿಗೆ ಹೋಯಿತು. ತಾಯಿ ಗಿರಿಜಾಬಾಯಿಯವರಿಗೆ ತಿಂಗಳಿಗಿಷ್ಟು ಎಂದು ಜೀವನಾಂಶ ಕೊಡಲು ಬಂದರೆ ಅವರು ಅದನ್ನು ಮುಟ್ಟದೆ, ತವರಿನಿಂದ ಬಂದ ಸ್ತ್ರೀಧನದಲ್ಲೇ ಮಗಳನ್ನು ಬೆಳೆಸಿದರು. ಕಮಲಾದೇವಿಗೆ ಹದಿನಾಲ್ಕಕ್ಕೆ ಮದುವೆ, ಎರಡೇ ವರ್ಷದಲ್ಲಿ ವೈಧವ್ಯ. ಅಂದಿನ ದಿನದಲ್ಲಿ ಇಲ್ಲಿಗೆ ಒಂದು ಹೆಣ್ಣಿನ ಬದುಕು ಮುಗಿಯಿತು ಎಂದು ಊರು ತೀರ್ಮಾನ ಮಾಡಿಬಿಡುತ್ತಿತ್ತು. ಇವರು ಮದರಾಸಿನ ಕ್ವೀನ್ ಮೇರಿಸ್ ಕಾಲೇಜಿಗೆ ಓದಲು ಹೋದರು. ಅಲ್ಲಿ ಸರೋಜಿನಿ ನಾಯ್ಡು ಅವರ ತಮ್ಮ, ಕವಿಯೂ ನಟರೂ ಆಗಿದ್ದ ಹರೀಂದ್ರನಾಥರ ಪರಿಚಯವಾಗಿ, ಜಾತಿ ಬಿಟ್ಟು, ಭಾಷೆ ಬಿಟ್ಟು ಅವರನ್ನು ಮದುವೆಯಾದರು. ವಿಧವಾ ವಿವಾಹ, ಅದೂ ಹೀಗೆ!

ಗಂಡ ಹೆಂಡತಿ ಸೇರಿ ನಾಟಕ ಆಡಿದರು. ಕಮಲಾದೇವಿಗೆ ರಂಗದ ಹುಚ್ಚು ಚಿಕ್ಕಂದಿನದು. ಕೇರಳದ ಕೂಡಿಯಾಟ್ಟಂ ಕಲೆಯನ್ನು ಮಾಣಿ ಮಾಧವ ಚಾಕ್ಯಾರರ ಮನೆಯಲ್ಲೇ ಉಳಿದು ಕಲಿತವರು ಅವರು. 1926ರಲ್ಲಿ ಮದರಾಸು ಶಾಸನ ಸಭೆಯ ಚುನಾವಣೆಗೂ ನಿಂತರು. ದೇಶದಲ್ಲಿ ಶಾಸನ ಸಭೆಗೆ ನಿಂತ ಮೊದಲ ಹೆಂಗಸು ಇವರೇ. ತುಂಬಾ ಕಡಿಮೆ ಅಂತರದಲ್ಲಿ ಸೋತರು. ಇಂಥವರು 'ಮೃಚ್ಛಕಟಿಕ'ದಲ್ಲಿ ಬಣ್ಣ ಹಚ್ಚಿದರು ಎಂಬುದರ ತೂಕ ಈಗ ನಿಮಗೆ ತಿಳಿಯುತ್ತದೆ. ಹೊಟ್ಟೆಪಾಡಿಗೆ ಬಂದವರಲ್ಲ, ಹೆಸರಿಗೂ ಬಂದವರಲ್ಲ. ಮತ ಕೇಳಲು ನಿಂತ ಹೆಂಗಸು, ಗಾಂಧಿಯವರ ಸಭೆಗಳಲ್ಲಿ ಕೂರುವ ಹೆಂಗಸು, ಗಣಿಕೆಯೊಬ್ಬಳ ಕಥೆಯ ಚಿತ್ರದಲ್ಲಿ ಕಾಣಿಸಿಕೊಂಡರು. ನಟನೆ ನಾಚಿಕೆಯ ಕೆಲಸವಲ್ಲ ಎಂದು ಭಾಷಣ ಮಾಡುವುದಕ್ಕಿಂತ ಇದು ಹೆಚ್ಚು. 1930ರಲ್ಲಿ ಉಪ್ಪಿನ ಸತ್ಯಾಗ್ರಹಕ್ಕೆ ಹೆಂಗಸರನ್ನೂ ಸೇರಿಸಿಕೊಳ್ಳಬೇಕೆಂದು ಗಾಂಧಿಯವರ ಹತ್ತಿರವೇ ವಾದ ಮಾಡಿದವರೂ ಇವರೇ. ಮುಂಬಯಿಯಲ್ಲಿ ಉಪ್ಪಿನ ಪೊಟ್ಟಣ ಮಾರುತ್ತ ಜೈಲಿಗೆ ಹೋದರು. ಸಿನಿಮಾ ಮಾತ್ರ ಪೂರ್ತಿ ಬಿಡಲಿಲ್ಲ. 1943ರ 'ತಾನ್‌ಸೇನ್', 'ಶಂಕರ ಪಾರ್ವತಿ', 1945ರ 'ಧನ್ನಾ ಭಗತ್' ಹಿಂದಿ ಚಿತ್ರಗಳಲ್ಲೂ ಅವರಿದ್ದಾರೆ.

ಸ್ವಾತಂತ್ರ್ಯ ಬಂದ ಮೇಲೆ ಮಂತ್ರಿ ಪದವಿ ಹುಡುಕಿಕೊಂಡು ಹೋಗದೆ ಅವರು ಹೋದದ್ದು ನಿರಾಶ್ರಿತರ ಹತ್ತಿರ. ದಿಲ್ಲಿಯ ಪಕ್ಕದ ಫರೀದಾಬಾದಿನಲ್ಲಿ, ಗಡಿಯ ಆಚೆಯಿಂದ ಬಂದ ಜನ ಸಹಕಾರ ಸಂಘ ಕಟ್ಟಿಕೊಂಡು ಊರು ಮಾಡಿಕೊಳ್ಳಲು ಅವರ ಸಂಸ್ಥೆ ಜೊತೆಗೆ ನಿಂತಿತು. 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿ ಆದಾಗ ಅದರ ಅಧ್ಯಕ್ಷೆಯಾದರು. ಅಲ್ಲಿಂದ ಅವರು ತಿರುಗದ ಹಳ್ಳಿ ಇಲ್ಲ. ಕಾಳಹಸ್ತಿಯ ಕಲಂಕಾರಿ ಇನ್ನೇನು ನಿಂತೇಹೋಗುತ್ತದೆ ಎನ್ನುವ ಹೊತ್ತಿಗೆ ಅಲ್ಲಿ ಕಲಿಸುವ ಕೇಂದ್ರ ಆಗುವಂತೆ ಮಾಡಿದರು. ನಗರಗಳಲ್ಲಿ ಮಾರಾಟ ಮಳಿಗೆ, ಹೊರದೇಶದಲ್ಲಿ ಪ್ರದರ್ಶನ, ಕಸುಬುದಾರರ ಸಹಕಾರ ಸಂಘ, ಇವೆಲ್ಲದರ ಹಿಂದೆ ಅವರ ಓಡಾಟವಿದೆ. ಕುಶಲಕರ್ಮಿಗಳಿಗೆ ಅವರವರ ಹೆಸರಿನಲ್ಲೇ ರಾಷ್ಟ್ರ ಪ್ರಶಸ್ತಿ ಕೊಡುವುದು 1965ರಲ್ಲಿ ಆರಂಭವಾಯಿತು. 1966ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ, 1987ರಲ್ಲಿ ಪದ್ಮವಿಭೂಷಣ ಬಂತು. ತೀರಿಕೊಂಡದ್ದು 1988ರ ಅಕ್ಟೋಬರ್ 29ರಂದು.

ಏಣಾಕ್ಷಿಯವರು ಸದ್ದಿಲ್ಲದ ಕೆಲಸದವರು. ಮದುವೆಯ ನಂತರ ಏಣಾಕ್ಷಿ ಭವನಾನಿ ಎಂಬ ಹೆಸರಿನಲ್ಲಿ ಇಂಗ್ಲಿಷಿನಲ್ಲಿ ಬರೆದರು. ಲಡಾಖಿಗೆ ಹೋಗಿಬಂದು ಅಮೆರಿಕದ 'ನ್ಯಾಷನಲ್ ಜಿಯೋಗ್ರಾಫಿಕ್' ಪತ್ರಿಕೆಗೆ 1951ರಲ್ಲಿ ಲೇಖನ ಬರೆದರು. 1965ರಲ್ಲಿ ಭಾರತದ ನೃತ್ಯಗಳ ಮೇಲೆ ಶಾಸ್ತ್ರೀಯ, ಜಾನಪದ, ಬುಡಕಟ್ಟು ಮೂರನ್ನೂ ಒಳಗೊಂಡ ದೊಡ್ಡ ಪುಸ್ತಕ, 1969ರಲ್ಲಿ ಕರಕುಶಲದ ಅಲಂಕಾರ ವಿನ್ಯಾಸಗಳ ಮೇಲೆ ಇನ್ನೊಂದು, 1974ರಲ್ಲಿ ಜಾನಪದ ಮತ್ತು ಬುಡಕಟ್ಟು ವಿನ್ಯಾಸಗಳ ಮೇಲೆ ಮತ್ತೊಂದು. ಕುಂಬಾರನ ಸಾಕುಮಗಳಾಗಿ, ಮಣ್ಣಿನ ಬಂಡಿಗೆ ಒಡವೆ ತುಂಬಿದವಳಾಗಿ ನಟಿಸಿದವರು ಕೊನೆಗೆ ಬಂದು ಸೇರಿದ್ದು ಮಣ್ಣು, ನೂಲು, ಮರದಲ್ಲಿ ಕೆಲಸ ಮಾಡುವವರ ವಿನ್ಯಾಸಗಳ ಹತ್ತಿರವೇ. ಹೀಗೆ ಒಂದೇ ಚಿತ್ರದ ಇಬ್ಬರು ನಟಿಯರು, ಒಬ್ಬರು ಸಂಘಟನೆಯಿಂದ, ಒಬ್ಬರು ಬರವಣಿಗೆಯಿಂದ, ಕೈಕಸುಬಿನ ಕಡೆಗೆ ಬಂದರು.

ಇದಕ್ಕೂ ನಮಗೂ ಏನು ಸಂಬಂಧ ಎನ್ನುವವರಿಗೆ ಒಂದು ಮಾತು. ಚಿನ್ನಾಳಪಟ್ಟಿಯ ಚೌಡೇಶ್ವರಿ ಅಮ್ಮನ ಒಕ್ಕಲಾದ ದೇವಾಂಗ ಮನೆಗಳಲ್ಲಿ ಮಗ್ಗದ ಸದ್ದಿನ ನಡುವೆ ಆಡುವ ಕನ್ನಡವನ್ನು ನಾವು ಕೇಳಿದ್ದೇವೆ. ಒಂದು ಕಾಲದಲ್ಲಿ ಅಲ್ಲಿನ ಕೃತಕ ರೇಷ್ಮೆ ಸೀರೆಗೆ ತಮಿಳುನಾಡಿನಲ್ಲೆಲ್ಲ ಗಿರಾಕಿ, ಆಮೇಲೆ ಸುಂಗುಡಿ ಸೀರೆ. ಈಗ ಕೈಮಗ್ಗದ ಮುಂದೆ ಕೂರುವ ಹುಡುಗರು ಎಷ್ಟಿದ್ದಾರೆಂದು ನಿಮಗೇ ಗೊತ್ತು. ಕಮಲಾದೇವಿಯವರು ಚಿನ್ನಾಳಪಟ್ಟಿಗೆ ಬಂದು ಮಗ್ಗ ಉಳಿಸಿದರು ಎಂದು ನಾವು ಹೇಳುತ್ತಿಲ್ಲ. ಆದರೆ ಕೈಯಲ್ಲಿ ನೇಯ್ದದ್ದಕ್ಕೆ ಒಂದು ಬೆಲೆ ಇದೆ, ಅದನ್ನು ನೇಯ್ದವರಿಗೆ ಒಂದು ಹೆಸರಿದೆ ಎಂದು ಸರ್ಕಾರದ ಕಡತದಲ್ಲಿ ಬರೆಯುವಂತೆ ಮಾಡಿದವರಲ್ಲಿ ಅವರು ಮುಖ್ಯರು. ಕಡತದಲ್ಲಿ ಇಲ್ಲದವರಿಗೆ ಏನೂ ಸಿಗುವುದಿಲ್ಲ ಎಂಬುದು ಕಚೇರಿಯಲ್ಲಿ ಕೂತು ಬಂದ ನಮಗೆ ಚೆನ್ನಾಗಿ ಗೊತ್ತು.

ಸೀರೆಯ ಅಂಚಿನಲ್ಲಿ ಅಂಗಡಿಯ ಹೆಸರಿರುತ್ತದೆ, ಸಹಕಾರ ಸಂಘದ ಮುದ್ರೆ ಇರುತ್ತದೆ, ನೇಯ್ದವರ ಹೆಸರು ಇರುವುದಿಲ್ಲ. ಚಿನ್ನಾಳಪಟ್ಟಿಯಲ್ಲಿ ಮೂವತ್ತು, ನಲವತ್ತು ವರ್ಷ ಮಗ್ಗದಲ್ಲಿ ಕೂತು ಎದ್ದವರು ಈಗ ಎಪ್ಪತ್ತು ದಾಟಿದ್ದಾರೆ. ಅವರ ಹೆಂಡತಿಯರು ಹಾಸು ಮಾಡಿದ್ದಾರೆ, ನೂಲು ಸುತ್ತಿದ್ದಾರೆ, ಅವರ ಹೆಸರು ಯಾವ ಸಂಘದ ಪುಸ್ತಕದಲ್ಲೂ ಸದಸ್ಯರೆಂದು ಬರಲಿಲ್ಲ. ಇವರೂ ಹೋದ ಮೇಲೆ ಕೇಳೋಣವೆಂದರೆ 'ಮೃಚ್ಛಕಟಿಕ'ದ ಗತಿಯೇ.

ಇನ್ನು ನಮ್ಮ ಹಿರಿಯರ ಪ್ರಶ್ನೆ. ಮಾತಿಲ್ಲದ ಚಿತ್ರ ಯಾವ ಭಾಷೆಯದು? ನಮ್ಮ ಅಭಿಪ್ರಾಯ ಇಷ್ಟು: 'ಮೃಚ್ಛಕಟಿಕ'ದ ಕಥೆ ಸಂಸ್ಕೃತದ್ದು, ನಿರ್ದೇಶಕರು ಸಿಂಧಿ ಮೂಲದವರು, ನಟರಲ್ಲಿ ಒಬ್ಬರ ಮನೆಮಾತು ತಮಿಳು, ನೆಲ ಮೈಸೂರಿನದು. ಕನ್ನಡ ನಾಟಕದ ಜನ ಅದರಲ್ಲಿ ಕ್ಯಾಮೆರಾ ಮುಂದೆ ಬಂದರು ಎಂಬ ಕಾರಣಕ್ಕೆ ಕನ್ನಡದ್ದು ಎನ್ನಬಹುದು. ಆದರೆ 'ನಮ್ಮದು ಮಾತ್ರ' ಎನ್ನಲಾಗದು. ಅಕ್ಷರದ ಹಲಗೆಯನ್ನು ಯಾರು ಯಾವ ಭಾಷೆಯಲ್ಲಿ ಓದಿ ಹೇಳುತ್ತಿದ್ದರೋ ಆ ರಾತ್ರಿ ಅದು ಆ ಭಾಷೆಯ ಚಿತ್ರವಾಗುತ್ತಿತ್ತು. ಕಂಬಂ ಕಣಿವ ಒಕ್ಕಲಿಗರ ಮನೆಗಳಲ್ಲೂ ದಿಂಡುಗಲ್ ಕಡೆಯ ದೇವಾಂಗ ಮನೆಗಳಲ್ಲೂ ಕನ್ನಡ ಆಡುತ್ತಾರೆ, ಓದಲು ಬರುವವರು ಕೆಲವರೇ. ಈ ಬರಹವನ್ನೂ ಎಷ್ಟೋ ಮನೆಯಲ್ಲಿ ಒಬ್ಬರು ಮೊಬೈಲು ಹಿಡಿದು ಓದುತ್ತಾರೆ, ಉಳಿದವರು ಕೇಳುತ್ತಾರೆ ಎಂದು ನಮಗೆ ಗೊತ್ತು. ಅಂದಿನ ಗುಡಾರದಲ್ಲಿ ನಡೆದದ್ದೂ ಅದೇ.

ಹಾಗಾಗಿ ಮುಂದಿನ ಕೂಟದಲ್ಲಿ ಊಟವಾದ ಮೇಲೆ 'ಶಿರಾಜ್' ಚಿತ್ರದ ಕೆಲವು ಭಾಗಗಳನ್ನು ಧ್ವನಿಯಿಲ್ಲದೆ ತೋರಿಸುತ್ತೇವೆ. ಹಾರ್ಮೋನಿಯಂ ನುಡಿಸಲು ನಮ್ಮ ಸದಸ್ಯರೊಬ್ಬರು ಒಪ್ಪಿದ್ದಾರೆ. ಇಂಗ್ಲಿಷ್ ಹಲಗೆಗಳನ್ನು ಒಬ್ಬರು ಕನ್ನಡದಲ್ಲಿ, ಒಬ್ಬರು ತಮಿಳಿನಲ್ಲಿ ಓದಿ ಹೇಳುತ್ತಾರೆ. ಕನ್ನಡಕ್ಕೆ ಕಂಬಂ ಕಡೆಯ ಮಾತಿನಲ್ಲೇ ಹೇಳುವವರು ಬೇಕಾಗಿದ್ದಾರೆ, ಪುಸ್ತಕದ ಕನ್ನಡ ಬೇಡ. ಮುಂದೆ ಬರುವವರು ಕಾರ್ಯದರ್ಶಿಗೆ ಈಗಲೇ ತಿಳಿಸಬೇಕಾಗಿ ವಿನಂತಿ. ದಿನಾಂಕ ಮತ್ತು ಸ್ಥಳವನ್ನು ಇದೇ ಪುಟದಲ್ಲಿ ಹಾಕುತ್ತೇವೆ.

ಅದೇ ದಿನ ಒಂದು ದಪ್ಪ ರಟ್ಟಿನ ನೋಟುಪುಸ್ತಕ ತೆರೆಯುತ್ತೇವೆ. ಹೆಸರು, ಊರು, ಯಾವ ಮಗ್ಗ, ಏನು ನೇಯುತ್ತಿದ್ದರು, ಯಾರಿಂದ ಕಲಿತರು, ಎಷ್ಟು ವರ್ಷ ಎಂದು ಅಂಕಣ ಹಾಕಿ ಗೆರೆ ಎಳೆದಾಗಿದೆ. ಹಾಸು ಮಾಡಿದವರಿಗೂ ನೂಲು ಸುತ್ತಿದವರಿಗೂ ಬೇರೆ ಸಾಲಿಲ್ಲ, ಅದೇ ಸಾಲು. ಬರಲಾಗದ ಹಿರಿಯರಿದ್ದರೆ ಮನೆಗೇ ಬಂದು ಬರೆದುಕೊಳ್ಳುತ್ತೇವೆ. ಮನೆಯಲ್ಲಿ ನೇಯ್ದ ಹಳೆಯ ಸೀರೆ ಇದ್ದವರು ಹತ್ತಿ ಬಟ್ಟೆಯಲ್ಲಿ ಸುತ್ತಿ ತನ್ನಿ, ಫೋಟೋ ತೆಗೆದುಕೊಂಡು ಅವತ್ತೇ ಕೈಗೆ ಹಿಂದಿರುಗಿಸುತ್ತೇವೆ. ಜರಿ ಕಪ್ಪಾಗಿದ್ದರೂ ಪರವಾಗಿಲ್ಲ, ತೊಳೆಯಬೇಡಿ.